ಬ್ಯಾಕ್ಟೀರಿಯಾ ಪತ್ತೆಯಾಯಿತು ಸರಿ, ಅದು ಬಂದದ್ದೆಲ್ಲಿಂದ?

2022ರ ಏಪ್ರಿಲ್ ಕೊನೆಯ ವಾರ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಐವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಮೇ 1ರಂದು ಅವರಲ್ಲೊಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಮುಂದಿನ ಕೆಲವು ದಿನಗಳಲ್ಲಿ ಬಂದ ಸುದ್ದಿಗಳನ್ನು ಸಾಲಾಗಿ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಮೊದಲು ರೋಗಿಗಳಲ್ಲಿ ಶಿಗೆಲ್ಲಾ ಇದೆ ಎಂದರು. ಬಳಿಕ ಶವರ್ಮಾದ ಮಾದರಿಯಲ್ಲಿ ಶಿಗೆಲ್ಲಾದ ಜೊತೆಗೆ ಸಾಲ್ಮೊನೆಲ್ಲಾ ಕೂಡ ಇದೆ ಎಂದರು. ಅದೇ ವರದಿಯಲ್ಲಿ ಕಾಳುಮೆಣಸಿನ ಪುಡಿಯಲ್ಲೂ ಸಾಲ್ಮೊನೆಲ್ಲಾ ಸಿಕ್ಕಿತ್ತು. ಎಂಟು ತಿಂಗಳು ಕಳೆದು, 2023ರ ಜನವರಿಯಲ್ಲಿ, ಬೇರೆ ಪ್ರಕರಣಗಳ ಬಿಸಿಯಲ್ಲಿ ಕೇರಳ ಸರ್ಕಾರ ನಿಷೇಧಿಸಿದ್ದು ಶವರ್ಮಾದ ಜೊತೆ ಕೊಡುವ ಹಸಿಮೊಟ್ಟೆಯ ಮೇಯೊನೀಸನ್ನು. 2024ರ ಅಕ್ಟೋಬರಿನಲ್ಲಿ ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಅದೇ ದಾರಿ ಹಿಡಿದವು.

ಹಾಗಾದರೆ ತಪ್ಪು ಯಾರದು? ಕೋಳಿಯದೋ, ಮೊಟ್ಟೆಯದೋ, ಮೆಣಸಿನದೋ, ಕೆಲಸದವನ ಕೈಯದೋ? ‘ಬ್ಯಾಕ್ಟೀರಿಯಾ ಪತ್ತೆ’ ಎಂಬ ತಲೆಬರಹ ಈ ಪ್ರಶ್ನೆಗೆ ಉತ್ತರ ಕೊಟ್ಟಂತೆ ಕಾಣುತ್ತದೆ, ಆದರೆ ಕೊಡುವುದಿಲ್ಲ. ಪ್ರಯೋಗಾಲಯದ ವರದಿ ತನಿಖೆಯ ಮೊದಲ ಪುಟ. ನಮ್ಮಲ್ಲಿ ಅದನ್ನೇ ತೀರ್ಪೆಂದು ಓದುತ್ತೇವೆ. ಗಡಿ ಜಿಲ್ಲೆಯಲ್ಲಂತೂ ಎರಡನೆಯ ಪುಟ ಬರೆಯುವುದಕ್ಕೇ ಅಡ್ಡಿಗಳಿವೆ.

ಒಂದೇ ಅಂಗಡಿ, ಬೇರೆ ಬೇರೆ ದಾರಿ

ಶಿಗೆಲ್ಲಾ ಮನುಷ್ಯನ ಕರುಳಿನಲ್ಲಿ ಬದುಕುವ ಬ್ಯಾಕ್ಟೀರಿಯಾ. 1897ರಲ್ಲಿ ಜಪಾನಿನಲ್ಲಿ ಆಮಶಂಕೆ ಹಬ್ಬಿ ತೊಂಬತ್ತು ಸಾವಿರದಷ್ಟು ಜನ ಹಾಸಿಗೆ ಹಿಡಿದಾಗ ಕಿಯೋಶಿ ಶಿಗಾ ಎಂಬ ವಿಜ್ಞಾನಿ ಅದನ್ನು ರೋಗಿಗಳ ಮಲದಿಂದ ಬೇರ್ಪಡಿಸಿದರು. ಹೆಸರು ಬಂದದ್ದು ಅವರಿಂದ. ಮನುಷ್ಯ ಮತ್ತು ಕೆಲವು ವಾನರಗಳನ್ನು ಬಿಟ್ಟರೆ ಅದಕ್ಕೆ ಬೇರೆ ಸಹಜ ನೆಲೆಯಿಲ್ಲ. ಆದ್ದರಿಂದ ಕೋಳಿಮಾಂಸದಲ್ಲಿ ಶಿಗೆಲ್ಲಾ ಸಿಕ್ಕಿತೆಂದರೆ ಅದು ಕೋಳಿಯ ಜೊತೆ ಬಂದದ್ದಲ್ಲ. ಸೋಂಕು ತಗುಲಿದ ಯಾರದೋ ಮಲದ ಅಂಶ ಕೈಯಿಂದಲೋ ನೀರಿನಿಂದಲೋ ನೊಣದಿಂದಲೋ ಅಲ್ಲಿಗೆ ತಲುಪಿದೆ ಎಂದೇ ಅರ್ಥ. ರೋಗ ಬರಲು ಹತ್ತರಿಂದ ನೂರು ಬ್ಯಾಕ್ಟೀರಿಯಾ ಸಾಕು. ಮಾಂಸ ಹೊತ್ತುಗಟ್ಟಲೆ ಹೊರಗಿದ್ದು ಅದು ವೃದ್ಧಿಯಾಗಬೇಕೆಂದೇನೂ ಇಲ್ಲ. ಆಗಷ್ಟೇ ಬೆಂದ ಮಾಂಸವನ್ನು ತೊಳೆಯದ ಕೈಯಲ್ಲಿ ಮುಟ್ಟಿದರೂ ಆಯಿತು.

ಹೀಗಿರುವಾಗ ಕೋಳಿಯ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ನೋಡಬೇಕಾದದ್ದು ಅಡುಗೆಮನೆಯ ನಲ್ಲಿ, ಹಿಂದಿನ ಶೌಚಾಲಯ, ಬಾವಿ. ಮುರಕಲ್ಲಿನ ನೆಲದಲ್ಲಿ ನೀರು ಸಲೀಸಾಗಿ ಇಂಗುತ್ತದೆ, ಶೌಚಗುಂಡಿಯದೂ ಇಂಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ತಳ ಕಾಣುವಾಗ ಹೋಟೆಲುಗಳು ಟ್ಯಾಂಕರ್ ನೀರಿಗೆ ಮೊರೆ ಹೋಗುತ್ತವೆ. 2020ರ ಡಿಸೆಂಬರಿನಲ್ಲಿ ಕಲ್ಲಿಕೋಟೆಯಲ್ಲಿ ಶಿಗೆಲ್ಲಾ ಹಬ್ಬಿದಾಗ ಅಧಿಕಾರಿಗಳು ಬೊಟ್ಟು ಮಾಡಿದ್ದು ನೀರಿನ ಕಡೆಗೇ.

ಸಾಲ್ಮೊನೆಲ್ಲಾದ ಕಥೆ ಬೇರೆ. ಅದು ಕೋಳಿ, ಹಂದಿ, ದನ, ಹಲ್ಲಿ, ಹಕ್ಕಿಗಳ ಕರುಳಿನಲ್ಲಿ ಇರಬಲ್ಲದು. ಹಸಿ ಕೋಳಿಮಾಂಸದಲ್ಲಿ ಅದು ಸಿಕ್ಕರೆ ಯಾವ ಸೂಕ್ಷ್ಮಾಣುಜೀವಿ ತಜ್ಞರೂ ಬೆಚ್ಚಿ ಬೀಳುವುದಿಲ್ಲ. ಚೆನ್ನಾಗಿ ಬೆಂದರೆ ಅದು ಸಾಯುತ್ತದೆ. ಮಾಂಸದ ನಡುಭಾಗ 75 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಚಿಂತೆಯಿಲ್ಲ. ಶವರ್ಮಾದ ತೊಡಕು ಇರುವುದು ಇಲ್ಲಿಯೇ. ಕಂಬಿಗೆ ಪೋಣಿಸಿದ ಮಾಂಸದ ಗೋಪುರದಲ್ಲಿ ಬೇಯುವುದು ಹೊರಗಿನ ಪದರ ಮಾತ್ರ. ಅದನ್ನು ಕೆತ್ತಿದಂತೆ ಮುಂದಿನ ಪದರ ಬೆಂಕಿಗೆ ಮುಖ ಕೊಡುತ್ತದೆ. ಸಂಜೆ ಏಳರ ನೂಕುನುಗ್ಗಲಲ್ಲಿ ಪದರ ಬೇಯುವ ಮೊದಲೇ ಕತ್ತಿ ಆಡುತ್ತದೆ. ಗಿರಾಕಿ ಕಡಿಮೆಯಾದಾಗ ಗ್ಯಾಸ್ ಉಳಿಸಲು ಬೆಂಕಿ ಸಣ್ಣದಾಗುತ್ತದೆ. ಆಗ ಒಳಗಿನ ಮಾಂಸ 5ರಿಂದ 60 ಡಿಗ್ರಿಯ ನಡುವೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಶಾಖದಲ್ಲಿ, ಗಂಟೆಗಟ್ಟಲೆ ನಿಲ್ಲುತ್ತದೆ. ಕೆತ್ತಿದ ಚೂರುಗಳು ಬೀಳುವ ತಟ್ಟೆಗೆ ಮೇಲಿನಿಂದ ಹಸಿ ಮಾಂಸದ ರಸವೂ ತೊಟ್ಟಿಕ್ಕುತ್ತದೆ.

ಇನ್ನು ಕಾಳುಮೆಣಸು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಕೃಷಿಕರಿಗೆ ಈ ಭಾಗವೇ ಹೆಚ್ಚು ಮುಖ್ಯವಾಗಬೇಕು. ಒಳ್ಳೆಮೆಣಸು ಅಂಗಳದಲ್ಲಿ ಟಾರ್ಪಾಲಿನ ಮೇಲೋ ಚಾಪೆಯ ಮೇಲೋ ದಿನಗಟ್ಟಲೆ ಒಣಗುತ್ತದೆ. ಅದೇ ಅಂಗಳದಲ್ಲಿ ಕೋಳಿ ಓಡಾಡುತ್ತದೆ, ಕಾಗೆ ಕೂರುತ್ತದೆ, ರಾತ್ರಿ ಇಲಿ ಬರುತ್ತದೆ. ಒಣಗಿದ ಕಾಳಿನ ಮೇಲೆ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಸಾರಿಗೆ ಹಾಕಿ ಕುದಿಸಿದರೆ ತೊಂದರೆಯಿಲ್ಲ. ಬೆಂದ ಪದಾರ್ಥದ ಮೇಲೆ ಪುಡಿ ಉದುರಿಸಿದರೆ ಅದನ್ನು ಕೊಲ್ಲಲು ಮುಂದೆ ಬೆಂಕಿಯೇ ಇಲ್ಲ. ಇದು ಊಹೆಯ ಮಾತಲ್ಲ: 2009–10ರಲ್ಲಿ ಅಮೆರಿಕದಲ್ಲಿ ಮೆಣಸು ಸವರಿದ ಸಲಾಮಿ ತಿಂದು 272 ಮಂದಿಗೆ ಸಾಲ್ಮೊನೆಲ್ಲಾ ತಗುಲಿದಾಗ ತನಿಖೆ ಕೊನೆಗೆ ಬಂದು ನಿಂತದ್ದು ಮಾಂಸದ ಬಳಿಯಲ್ಲ, ಮೆಣಸಿನ ಬಳಿ. ಕಾಳನ್ನು ಒಣಗಿಸುವ ಮೊದಲು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆಯಿರಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಬಣ್ಣ ಚೆನ್ನಾಗಿ ಬರಲೆಂದು ಮಾತ್ರವಲ್ಲ, ಸೂಕ್ಷ್ಮಾಣುಗಳ ಹೊರೆ ತಗ್ಗಲೆಂದೂ ಹೌದು.

ಹಾಗಾಗಿ ಚೆರುವತ್ತೂರಿನ ವರದಿ ಒಂದೇ ಅಪರಾಧಿಯನ್ನು ತೋರಿಸಲಿಲ್ಲ. ಮನುಷ್ಯನ ಮಲ, ಪ್ರಾಣಿಯ ಕರುಳು, ಒಣ ಮಸಾಲೆ ಎಂಬ ಬೇರೆ ಬೇರೆ ದಾರಿಗಳು ಒಂದೇ ತಟ್ಟೆಯಲ್ಲಿ ಸೇರಿದ್ದನ್ನು ತೋರಿಸಿತು. ಇವುಗಳಲ್ಲಿ ಯಾವೊಂದನ್ನು ಮುಚ್ಚಿದರೂ ಉಳಿದವು ತೆರೆದೇ ಇರುತ್ತವೆ.

‘ಪತ್ತೆ’ ಎಂದರೆ ಎಷ್ಟು?

ಆಹಾರದಲ್ಲಿ ಸಾಲ್ಮೊನೆಲ್ಲಾ ಹುಡುಕುವವರು 25 ಗ್ರಾಂ ಮಾದರಿಯನ್ನು ಮೊದಲು ಪೌಷ್ಟಿಕ ದ್ರಾವಣದಲ್ಲಿ ಒಂದು ದಿನ ಬೆಚ್ಚಗೆ ಇಡುತ್ತಾರೆ. ನಿತ್ರಾಣಗೊಂಡ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳಲಿ ಎಂಬುದು ಉದ್ದೇಶ. ಬಳಿಕ ಉಳಿದವನ್ನು ತಡೆದು ಸಾಲ್ಮೊನೆಲ್ಲಾವನ್ನು ಮಾತ್ರ ಬೆಳೆಯಗೊಡುವ ದ್ರಾವಣ. ಅಲ್ಲಿಂದ ಪ್ರಯೋಗಾಲಯದ ಪುಟ್ಟ ತಟ್ಟೆಗೆ. ಎಕ್ಸ್‌ಎಲ್‌ಡಿ ಎಂಬ ಕೆಂಪು ಮಾಧ್ಯಮದ ಮೇಲೆ ಸಾಲ್ಮೊನೆಲ್ಲಾ ನಡುವೆ ಕಪ್ಪು ಚುಕ್ಕೆಯಿರುವ ಕಾಲನಿಯಾಗಿ, ಅಂದರೆ ಕಣ್ಣಿಗೆ ಕಾಣುವ ಗುಂಪಾಗಿ, ಏಳುತ್ತದೆ. ಶಿಗೆಲ್ಲಾ ಚುಕ್ಕೆಯಿಲ್ಲದ ಕೆಂಪು ಕಾಲನಿಯಾಗುತ್ತದೆ. ಆಮೇಲೂ ರಾಸಾಯನಿಕ ಪರೀಕ್ಷೆಗಳಿವೆ, ಸೀರಮ್ ಪರೀಕ್ಷೆಯಿದೆ. ಎಲ್ಲ ಮುಗಿಯಲು ನಾಲ್ಕೈದು ದಿನ ಬೇಕು. ಮರುದಿನವೇ ‘ಪತ್ತೆ’ ಎಂಬ ಸುದ್ದಿ ಬಂದರೆ ಅದನ್ನು ಸ್ವಲ್ಪ ಅನುಮಾನದಿಂದ ನೋಡುವುದು ಒಳ್ಳೆಯದು.

ಈ ಕ್ರಮದಲ್ಲೇ ಒಂದು ಮಿತಿ ಅಡಗಿದೆ. ಇದ್ದ ಒಂದೆರಡು ಬ್ಯಾಕ್ಟೀರಿಯಾವನ್ನೂ ಬೆಳೆಸಿ ತೋರಿಸುವ ಪರೀಕ್ಷೆ ಇದು. ಮೂಲದಲ್ಲಿ ಎಷ್ಟಿದ್ದವೆಂದು ಅದು ಹೇಳುವುದಿಲ್ಲ. ಇದೆ ಅಥವಾ ಇಲ್ಲ, ಅಷ್ಟೇ. ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಬೇಗ ಫಲಿತಾಂಶ ಕೊಡುತ್ತದೆ ನಿಜ, ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಎತ್ತಿ ತೋರಿಸಬಲ್ಲದು. ಶಿಗೆಲ್ಲಾಗೆ ಸಾಮಾನ್ಯವಾಗಿ ಹುಡುಕುವ ಐಪಿಎಎಚ್ ಜೀನ್ ಇ. ಕೊಲೈ ಎಂಬ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾದ ಒಂದು ಗುಂಪಿನಲ್ಲಿಯೂ ಇದೆ.

‘ಪತ್ತೆಯಾಗಲಿಲ್ಲ’ ಎಂಬ ವರದಿ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ರೋಗ ತಂದ ಊಟ ಎಂದೋ ಖಾಲಿಯಾಗಿರುತ್ತದೆ. ಪಾತ್ರೆ ತೊಳೆದಾಗಿರುತ್ತದೆ. ದೂರು ಬಂದು ಅಧಿಕಾರಿ ಬರುವ ಹೊತ್ತಿಗೆ ಸಿಗುವುದು ಮರುದಿನದ ಮಾಂಸ, ಹೊಸ ಮೇಯೊನೀಸ್. ಅದರಲ್ಲಿ ಏನೂ ಸಿಗದಿದ್ದರೆ ಅಂಗಡಿಯವನು ಗೆದ್ದೆನೆಂದುಕೊಳ್ಳುತ್ತಾನೆ. ಸ್ಟೆಫಿಲೊಕಾಕಸ್ ಆರಿಯಸ್ ಎಂಬುದಂತೂ ಇನ್ನೂ ಚಾಲಾಕಿ: ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಮೊದಲೇ ಸ್ರವಿಸಿದ ವಿಷ ಬಿಸಿಗೆ ಜಗ್ಗದೆ ಉಳಿಯುತ್ತದೆ. ಬ್ಯಾಕ್ಟೀರಿಯಾ ಇಲ್ಲವೆಂದು ವರದಿ ಬರುತ್ತದೆ, ತಿಂದವರು ಮಾತ್ರ ವಾಂತಿ ಮಾಡುತ್ತಲೇ ಇರುತ್ತಾರೆ.

ಅಪವಾದ ಕೊನೆಯ ಊಟದ ಮೇಲೆಯೇ

ಹೊಟ್ಟೆ ಕೆಟ್ಟರೆ ನಾವೆಲ್ಲ ಕೊನೆಗೆ ತಿಂದದ್ದನ್ನು ಶಪಿಸುತ್ತೇವೆ. ಬ್ಯಾಕ್ಟೀರಿಯಾದ ಲೆಕ್ಕ ಬೇರೆ. ಸ್ಟೆಫಿಲೊಕಾಕಸ್ ವಿಷ ಒಂದರಿಂದ ಆರು ಗಂಟೆಯೊಳಗೆ ವಾಂತಿ ತರಿಸುತ್ತದೆ. ಸಾಲ್ಮೊನೆಲ್ಲಾ ಆರು ಗಂಟೆಯಿಂದ ಮೂರು ದಿನದವರೆಗೆ ಕಾಯಬಹುದು. ಶಿಗೆಲ್ಲಾಗೆ ಸಾಮಾನ್ಯವಾಗಿ ಒಂದೆರಡು ದಿನ. ರಾತ್ರಿ ಎಂಟಕ್ಕೆ ತಿಂದು ಹತ್ತಕ್ಕೆ ವಾಂತಿ ಶುರುವಾದವನಲ್ಲಿ ಸಾಲ್ಮೊನೆಲ್ಲಾ ಸಿಕ್ಕಿದರೆ, ಅದು ಆ ರಾತ್ರಿಯ ಊಟದ್ದಾಗಿರುವ ಸಂಭವ ತೀರ ಕಡಿಮೆ. ಆದ್ದರಿಂದಲೇ ತನಿಖೆ ಮಾಡುವವರು ಮೊದಲು ಕೇಳುವುದು ಹಿಂದಿನ ಮೂರು ದಿನ ಏನೇನು ತಿಂದಿರಿ ಎಂದು. ಜೊತೆಗೆ ತಿಂದೂ ಆರೋಗ್ಯವಾಗಿರುವವರನ್ನು ಹುಡುಕಿ ಅವರು ಏನು ತಿನ್ನಲಿಲ್ಲ ಎಂದೂ ಕೇಳುತ್ತಾರೆ. ಬೇಸರದ ಕೆಲಸ, ಸುದ್ದಿಯಾಗುವಂಥದ್ದಲ್ಲ, ಆದರೆ ತಟ್ಟೆಯ ಮೇಲಿನ ಕಾಲನಿಗಿಂತ ಎಷ್ಟೋ ಸಲ ಇದೇ ಸತ್ಯದ ಹತ್ತಿರ ಒಯ್ಯುತ್ತದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಶವರ್ಮಾ, ಅಲ್‌ಫಹಾಮ್, ಕುಳಿಮಂದಿ ಎಂದರೆ ಮೂಗು ಮುರಿಯುವವರು ಸಸ್ಯಾಹಾರದ ಔತಣ ಸುರಕ್ಷಿತ ಎಂದು ನಂಬಿರುತ್ತಾರೆ. ಬ್ಯಾಸಿಲಸ್ ಸೀರಿಯಸ್‌ನ ಬೀಜಕಣಗಳು ಅನ್ನ ಬೇಯುವ ಶಾಖವನ್ನು ದಾಟಿ ಬದುಕುತ್ತವೆ. ಬೆಳಗ್ಗೆ ಬಸಿದ ಅನ್ನ ಬಟ್ಟೆ ಮುಚ್ಚಿಕೊಂಡು ಸಂಜೆಯವರೆಗೆ ಉಗುರುಬೆಚ್ಚಗೆ ಕುಳಿತರೆ ಅವು ಮೊಳೆತು ವಿಷ ಉಂಟುಮಾಡುತ್ತವೆ. ಸಮಾರಂಭದ ದೊಡ್ಡ ಕೊಪ್ಪರಿಗೆ ನಿಧಾನವಾಗಿ ತಣಿಯುವುದೇ ಅದರ ಅಪಾಯ. ಬ್ಯಾಕ್ಟೀರಿಯಾ ಪಂಕ್ತಿಭೇದ ಮಾಡುವುದಿಲ್ಲ.

ಸೌತೆಕಾಯಿಯ ಮೇಲೆ ಬಂದ ಕಳಂಕ

ಸಿಕ್ಕ ಬ್ಯಾಕ್ಟೀರಿಯಾ ಮತ್ತು ರೋಗ ತಂದ ಬ್ಯಾಕ್ಟೀರಿಯಾ ಒಂದೇ ಎಂದು ಖಚಿತಪಡಿಸದೆ ಬಾಯಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2011ರ ಜರ್ಮನಿಗಿಂತ ಒಳ್ಳೆಯ ಪಾಠವಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಅಲ್ಲಿ ಇ. ಕೊಲೈ ಓ104:ಎಚ್4 ಎಂಬ ತಳಿ ಹಬ್ಬಿ ಸುಮಾರು 3,800 ಮಂದಿ ಕಾಯಿಲೆ ಬಿದ್ದರು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಹ್ಯಾಂಬರ್ಗ್‌ನ ಅಧಿಕಾರಿಗಳು ಸ್ಪೇನಿನಿಂದ ಬಂದ ಸೌತೆಕಾಯಿಯಲ್ಲಿ ರೋಗಕಾರಕ ಇ. ಕೊಲೈ ಇದೆ ಎಂದು ಪ್ರಕಟಿಸಿದರು. ಸುಳ್ಳೇನೂ ಹೇಳಿರಲಿಲ್ಲ, ಸೌತೆಕಾಯಿಯಲ್ಲಿ ಇ. ಕೊಲೈ ನಿಜವಾಗಿ ಇತ್ತು. ಕೆಲವೇ ದಿನಗಳಲ್ಲಿ ತಿಳಿದದ್ದು, ರೋಗಿಗಳಲ್ಲಿದ್ದ ತಳಿಯೇ ಬೇರೆ, ಸೌತೆಕಾಯಿಯ ತಳಿಯೇ ಬೇರೆ. ಕೊನೆಗೆ ಸಿಕ್ಕಿಬಿದ್ದದ್ದು ಮೆಂತ್ಯದ ಮೊಳಕೆ. ಅದರ ಬೀಜ ಈಜಿಪ್ಟಿನದೆಂದು ತನಿಖೆ ಹೇಳಿತು. ಅಷ್ಟರಲ್ಲಿ ಸ್ಪೇನಿನ ರೈತರು ತರಕಾರಿಯನ್ನು ಗುಂಡಿಗೆ ಸುರಿದಾಗಿತ್ತು. ಯುರೋಪಿಯನ್ ಒಕ್ಕೂಟ ತರಕಾರಿ ಬೆಳೆಗಾರರ ಪರಿಹಾರಕ್ಕೆ 21 ಕೋಟಿ ಯೂರೊ ತೆಗೆದಿಡಬೇಕಾಯಿತು.

ಈಗ ರೋಗಿಯಿಂದ ಪಡೆದ ತಳಿ ಮತ್ತು ಆಹಾರದಿಂದ ಪಡೆದ ತಳಿಗಳ ಜೀನೋಮನ್ನು ಪೂರ್ತಿ ಓದಿ ಅಕ್ಕಪಕ್ಕ ಇಟ್ಟು ಹೋಲಿಸುವ ವಿಧಾನ ಮುಂದುವರಿದ ದೇಶಗಳಲ್ಲಿ ದಿನನಿತ್ಯದ ಕೆಲಸವಾಗಿದೆ. ನಮ್ಮಲ್ಲಿ ಸಾಮರ್ಥ್ಯವಿಲ್ಲವೆಂದಲ್ಲ, ಕೋವಿಡ್ ಕಾಲದಲ್ಲಿ ವೈರಸ್ಸಿನ ಜೀನೋಮನ್ನು ಸಾವಿರಾರು ಸಂಖ್ಯೆಯಲ್ಲಿ ಓದಿದ ದೇಶ ನಮ್ಮದು. ವಾಂತಿಭೇದಿಗೆ ಅಷ್ಟು ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಸಂಶೋಧಕರ ದಾಖಲೆಯನ್ನು ಓದುವ ಬಗೆ

ಪ್ರಕರಣ ನಡೆದ ಕೂಡಲೇ ಯಾರೋ ಒಬ್ಬ ತಜ್ಞರ ಹಳೆಯ ಪ್ರಬಂಧವೊಂದು ಮೊಬೈಲುಗಳಲ್ಲಿ ಓಡಾಡತೊಡಗುತ್ತದೆ: ಮಾರುಕಟ್ಟೆಯ ಇಷ್ಟು ಮಾದರಿಗಳಲ್ಲಿ ಇಷ್ಟರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತ್ತು ಎಂದು. ಓದುಗರು ಹೆದರುತ್ತಾರೆ, ಅಥವಾ ಇದೆಲ್ಲ ಇದ್ದದ್ದೇ ಎಂದು ಕೈಚೆಲ್ಲುತ್ತಾರೆ. ಎರಡೂ ಬೇಡ.

ಆಹಾರಜನ್ಯ ಬ್ಯಾಕ್ಟೀರಿಯಾಗಳ ಮೇಲೆ ದಶಕಗಟ್ಟಲೆ ದುಡಿದವರ ದಾಖಲೆ ಹೇಗಿರುತ್ತದೆ ಎಂದು ನೋಡಲು ಕಾಸರಗೋಡಿನವರು ದೂರ ಹೋಗಬೇಕಿಲ್ಲ. ರಾಜ್ಯದ ಗಡಿಯಲ್ಲಿರುವ ತಲಪಾಡಿ ದಾಟಿದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು. 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಅಲ್ಲಿ ಸೂಕ್ಷ್ಮಾಣುಜೀವಿ ವಿಜ್ಞಾನಿಗಳಾಗಿದ್ದ ಡಾ. ಇಡ್ಯಾ ಕರುಣಾಸಾಗರ್ ಮತ್ತು ಡಾ. ಇಂದ್ರಾಣಿ ಕರುಣಾಸಾಗರ್ ದಂಪತಿ ಮೀನು, ಸಿಗಡಿ, ಚಿಪ್ಪುಜೀವಿಗಳಲ್ಲಿನ ರೋಗಕಾರಕ ಬ್ಯಾಕ್ಟೀರಿಯಾಗಳ ಬಗ್ಗೆ ಮಾಡಿದ ಕೆಲಸ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುತ್ತದೆ. ಇಡ್ಯಾ ಕರುಣಾಸಾಗರ್ ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದರು.

ಅವರ ತಂಡದ ಒಂದು ಅಧ್ಯಯನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಉಪ್ಪುನೀರಿನ ಬ್ಯಾಕ್ಟೀರಿಯಾ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಪುಟ್ಟ ಮೀನು ತಿಂದು 272 ಮಂದಿ ಕಾಯಿಲೆ ಬಿದ್ದು 20 ಜನ ಸತ್ತಾಗ ಅದು ಮೊದಲು ಬೆಳಕಿಗೆ ಬಂತು. ನಮ್ಮ ನೈರುತ್ಯ ಕರಾವಳಿಯ ಸಿಂಪಿ ಎಂಬ ಚಿಪ್ಪುಜೀವಿಗಳಲ್ಲಿ ಅದನ್ನು ಹುಡುಕಿದ ಮಂಗಳೂರಿನ ತಂಡ 2005ರಲ್ಲಿ ಫಲಿತಾಂಶ ಪ್ರಕಟಿಸಿತು. ಬಹುತೇಕ ಎಲ್ಲ ಮಾದರಿಗಳಲ್ಲೂ ಬ್ಯಾಕ್ಟೀರಿಯಾ ಇತ್ತು. ತಲೆಬರಹ ಬರೆಯುವವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಈ ಬ್ಯಾಕ್ಟೀರಿಯಾದ ಎಲ್ಲ ತಳಿಗಳೂ ರೋಗ ತರುವುದಿಲ್ಲ. ರೋಗಿಗಳಲ್ಲಿ ಸಿಗುವ ತಳಿಗಳ ಗುರುತು ಟಿಡಿಎಚ್ ಎಂಬ, ರಕ್ತಕಣ ಒಡೆಯುವ ಪ್ರೊಟೀನಿನ ಜೀನ್. ಅದನ್ನು ಹುಡುಕಿದಾಗ ಸಿಕ್ಕಿದ್ದು ಹತ್ತರಲ್ಲಿ ಒಂದು ಮಾದರಿಯ ಆಸುಪಾಸಿನಲ್ಲಿ. ಟಿಆರ್‌ಎಚ್ ಎಂಬ ಅದರ ಸೋದರ ಜೀನ್ ಅದಕ್ಕಿಂತ ಹೆಚ್ಚು ಕಡೆ ಕಂಡಿತು.

ಚೆರುವತ್ತೂರಿನ ಪಕ್ಕದ ಪಡನ್ನ, ಕವ್ವಾಯಿ ಹಿನ್ನೀರಿನಲ್ಲಿ ಪಚ್ಚಿಲೆ ಎಂಬ ಚಿಪ್ಪುಜೀವಿಯ ಕೃಷಿಯನ್ನೇ ನಂಬಿದ ಕುಟುಂಬಗಳಿಗೆ ಈ ವ್ಯತ್ಯಾಸ ಜೀವನದ ಪ್ರಶ್ನೆ. ‘ಎಲ್ಲ ಚಿಪ್ಪಿನಲ್ಲೂ ಬ್ಯಾಕ್ಟೀರಿಯಾ’ ಎಂದರೆ ಮಾರುಕಟ್ಟೆ ಮುಚ್ಚಿತು. ‘ಹತ್ತರಲ್ಲೊಂದರಲ್ಲಿ ರೋಗ ತರಬಲ್ಲ ತಳಿಯ ಸುಳಿವು, ಬೇಯಿಸಿದರೆ ಅದೂ ಸಾಯುತ್ತದೆ’ ಎಂದರೆ ಎಚ್ಚರದಿಂದ ವ್ಯಾಪಾರ ಮಾಡಬಹುದು. ಮೊದಲನೆಯದೂ ಎರಡನೆಯದೂ ಅದೇ ಪ್ರಬಂಧದ ಮಾತು.

ಸಂಶೋಧಕರ ಪಟ್ಟಿಯಲ್ಲಿ ಇಂಥ ಸಮೀಕ್ಷೆಗಳಿರುತ್ತವೆ. ತಳಿಗಳ ವಿಷಜೀನ್‌ಗಳ ಅಧ್ಯಯನ, ಔಷಧ ನಿರೋಧಕತೆಯ ಅಧ್ಯಯನ, ಪತ್ತೆವಿಧಾನದ ಸುಧಾರಣೆಯೂ ಇರುತ್ತವೆ. ಇವು ಯಾವುವೂ ನಿನ್ನೆ ನಡೆದ ಪ್ರಕರಣದ ತನಿಖೆಯಲ್ಲ. ಮಾರುಕಟ್ಟೆಯ ಕೋಳಿಯಲ್ಲಿ ಸಾಲ್ಮೊನೆಲ್ಲಾ ಎಷ್ಟಿದೆ ಎಂದು ಅಳೆದವರು ಆ ರಾತ್ರಿ ಯಾಕೆ ಅಷ್ಟು ಜನ ಬಿದ್ದರು ಎಂಬುದಕ್ಕೆ ಸಾಕ್ಷಿಯಾಗಲಾರರು. ಅವರು ಹೇಳಬಹುದಾದದ್ದು, ಎಲ್ಲಿ ಹುಡುಕಬೇಕು ಎಂದು. ವಾಹಿನಿಗಳ ಚರ್ಚೆಯಲ್ಲಿ ಈ ಗೆರೆ ಅಳಿಸಿಹೋಗುತ್ತದೆ, ಕೆಲವೊಮ್ಮೆ ತಜ್ಞರೇ ಅಳಿಸುತ್ತಾರೆ.

ಊಟ ಕೇರಳದಲ್ಲಿ, ಆಸ್ಪತ್ರೆ ಕರ್ನಾಟಕದಲ್ಲಿ

ಉಪ್ಪಳದಲ್ಲಿಯೋ ಕುಂಬಳೆಯಲ್ಲಿಯೋ ಊಟ ಮಾಡಿ ಹೊಟ್ಟೆ ಕೆಟ್ಟವರು ಪರಿಸ್ಥಿತಿ ಬಿಗಡಾಯಿಸಿದರೆ ಹೋಗುವುದು ಮಂಗಳೂರಿಗೆ. ಕಾಸರಗೋಡು ಪೇಟೆಯಿಂದ 50 ಕಿಲೋಮೀಟರ್. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಈ ಅವಲಂಬನೆಯನ್ನು ದೇಶಕ್ಕೇ ತೋರಿಸಿತು. ಆಹಾರವಿಷದ ತನಿಖೆಯಲ್ಲಿ ಇದೇ ಅವಲಂಬನೆ ಬೇರೊಂದು ರೀತಿಯಲ್ಲಿ ಕಾಡುತ್ತದೆ.

ರೋಗಿಯ ಮಲದ ಮಾದರಿ ಮಂಗಳೂರಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿರುತ್ತದೆ. ಆಹಾರದ ಮಾದರಿ ತೆಗೆಯುವ ಅಧಿಕಾರ ಕೇರಳದ ಆಹಾರ ಸುರಕ್ಷತಾ ಅಧಿಕಾರಿಯದು. ಅದು ದಕ್ಷಿಣಕ್ಕೆ, ಕಲ್ಲಿಕೋಟೆಯ ಪ್ರಾದೇಶಿಕ ಪ್ರಯೋಗಾಲಯದ ಕಡೆ ಪ್ರಯಾಣ ಮಾಡುತ್ತದೆ. ಕಾನೂನಿನಂತೆ ಆಹಾರ ವಿಶ್ಲೇಷಕರಿಗೆ ವರದಿ ಕೊಡಲು 14 ದಿನಗಳ ಅವಕಾಶವಿದೆ. ರೋಗಿಯ ತಳಿ ಉತ್ತರದಲ್ಲಿ, ಆಹಾರದ ತಳಿ ದಕ್ಷಿಣದಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಡುವ ಹೊಣೆ ಯಾರದೂ ಅಲ್ಲ. ಆಸ್ಪತ್ರೆಯವರು ಚಿಕಿತ್ಸೆ ಮುಗಿದೊಡನೆ ತಳಿ ಬೆಳೆದ ತಟ್ಟೆ ಎಸೆಯುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು.

ರೋಗ ಸರ್ವೇಕ್ಷಣೆಯ ಜಾಲ 2004ರಿಂದ ಇದೆ, ಪ್ರತಿ ಜಿಲ್ಲೆಗೂ ಘಟಕವಿದೆ. ಆದರೆ ಕಾಸರಗೋಡಿನ ಘಟಕ ತಿರುವನಂತಪುರದ ಕಡೆ ನೋಡುತ್ತದೆ, ದಕ್ಷಿಣ ಕನ್ನಡದ್ದು ಬೆಂಗಳೂರಿನ ಕಡೆ. ಒಂದೇ ಹೋಟೆಲಿನ ಗಿರಾಕಿಗಳಲ್ಲಿ ಕೆಲವರು ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲೂ ಕೆಲವರು ಮಂಗಳೂರಿನ ಬಳಿಯ ದೇರಳಕಟ್ಟೆಯಲ್ಲೂ ದಾಖಲಾದರೆ ಎರಡೂ ಕಡೆ ಬಿಡಿ ಪ್ರಕರಣಗಳಾಗಿ ಕಾಣುವ ಅಪಾಯವಿದೆ. 2006ರ ಆಹಾರ ಸುರಕ್ಷತಾ ಕಾಯಿದೆಯ 35ನೇ ಸೆಕ್ಷನ್ ಪ್ರಕಾರ, ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ವೈದ್ಯರು ತಮ್ಮ ಗಮನಕ್ಕೆ ಬಂದ ಆಹಾರವಿಷದ ಪ್ರಕರಣಗಳನ್ನು ವರದಿ ಮಾಡುವಂತೆ ಆದೇಶಿಸಬಹುದು. ಆ ಸೆಕ್ಷನ್ ಗಡಿ ಜಿಲ್ಲೆಗಳಿಗಾಗಿಯೇ ಬರೆದಂತಿದೆ.

ಬೇರ್ಪಟ್ಟ ಮಾಹಿತಿ ಎಂಥ ಎಡವಟ್ಟು ಮಾಡುತ್ತದೆ ಎಂಬುದೂ ಇಲ್ಲಿ ಕಂಡಿದೆ. 2023ರ ಜನವರಿಯಲ್ಲಿ ಕಾಸರಗೋಡಿನ ಯುವತಿಯೊಬ್ಬಳು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ತರಿಸಿ ತಿಂದ ಊಟವೇ ಕಾರಣವೆಂದು ಸುದ್ದಿ ಹರಡಿತು, ಹೋಟೆಲಿನ ಮೇಲೆ ಕ್ರಮವೂ ಆರಂಭವಾಯಿತು. ಶವಪರೀಕ್ಷೆಯ ಪ್ರಾಥಮಿಕ ವರದಿ ಆಹಾರವಿಷ ಕಾರಣವಲ್ಲ ಎಂದಿತು. ತಿದ್ದುಪಡಿ ಮೊದಲ ಸುದ್ದಿಯಷ್ಟು ದೂರ ಹೋಗುವುದು ಅಪರೂಪ.

ನಿಷೇಧದ ಪರ, ವಿರೋಧ

ಹಸಿಮೊಟ್ಟೆಯ ಮೇಯೊನೀಸ್ ನಿಷೇಧದ ಪರ ಇರುವವರ ವಾದ ಗಟ್ಟಿಯಾದದ್ದೇ. ಸಾಲ್ಮೊನೆಲ್ಲಾದ ಒಂದು ಬಗೆ ಕೋಳಿಯ ಅಂಡಾಶಯಕ್ಕೇ ಸೋಂಕು ತಗುಲಿಸಬಲ್ಲದು. ಚಿಪ್ಪು ಎಷ್ಟೇ ತೊಳೆದರೂ ಮೊಟ್ಟೆಯ ಒಳಗೆ ಅದು ಇರಬಹುದು. ಮೇಯೊನೀಸ್ ಮಾಡುವಾಗ ಬೆಂಕಿಯ ಕೆಲಸವಿಲ್ಲ. ಕೊಲ್ಲುವುದು ವಿನೆಗರ್ ಅಥವಾ ನಿಂಬೆಯ ಹುಳಿ ಮಾತ್ರ, ಅದೂ ಸಾಕಷ್ಟಿದ್ದು ಸಾಕಷ್ಟು ಹೊತ್ತು ಕಳೆದರೆ. ಬೀದಿಬದಿಯಲ್ಲಿ ಗಿರಾಕಿಗೆ ಹುಳಿ ಬೇಡ, ಕೆನೆಯಂಥ ರುಚಿ ಬೇಕು. ಅಧಿಕಾರಿ ಪ್ರತಿ ಅಂಗಡಿಯ ಹುಳಿ ಅಳೆಯಲಾರ; ಹಸಿಮೊಟ್ಟೆ ಬಳಸಬೇಡ ಎನ್ನುವುದು ಸುಲಭ, ತಪಾಸಣೆಗೂ ಸುಲಭ. ಪಾಶ್ಚರೀಕರಿಸಿದ, ಅಂದರೆ ಹದವಾಗಿ ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಂದ, ಮೊಟ್ಟೆ ಅಥವಾ ಮೊಟ್ಟೆಯಿಲ್ಲದ ಮೇಯೊನೀಸ್ ಬಳಸಲು ಕೇರಳ ದಾರಿ ಬಿಟ್ಟಿದೆ.

ವಿರೋಧಿಸುವವರು, ಮುಖ್ಯವಾಗಿ ಸಣ್ಣ ಹೋಟೆಲಿನವರು, ಕೇಳುವ ಪ್ರಶ್ನೆಯೂ ಬಾಲಿಶವಲ್ಲ. ಪಾಶ್ಚರೀಕರಿಸಿದ ಮೊಟ್ಟೆ ಪೆರ್ಲದಲ್ಲಿ ಎಲ್ಲಿ ಸಿಗುತ್ತದೆ? ತಮಿಳುನಾಡಿನ ನಾಮಕ್ಕಲ್‌ನಿಂದ ಲಾರಿಯಲ್ಲಿ ಬರುವ ಮೊಟ್ಟೆಯ ತಪಾಸಣೆ ಯಾಕೆ ಫಾರಂನಲ್ಲೇ ಆಗಬಾರದು? ಚೆರುವತ್ತೂರಿನಲ್ಲಿ ಶಿಗೆಲ್ಲಾ ಸಿಕ್ಕಿದ್ದಕ್ಕೂ ಮೊಟ್ಟೆಗೂ ಏನು ಸಂಬಂಧ? ಕೊನೆಯ ಪ್ರಶ್ನೆಗೆ ಉತ್ತರ: ಸಂಬಂಧವಿಲ್ಲ. ಮೇಯೊನೀಸ್ ನಿಷೇಧ ಒಂದು ಬಾಗಿಲನ್ನು ಮುಚ್ಚುತ್ತದೆ, ಅದು ಮುಚ್ಚಬೇಕಾದ ಬಾಗಿಲೇ ಹೌದು. ಆದರೆ ಕಾಸರಗೋಡಿನ ಪ್ರಕರಣದಲ್ಲಿ ಬ್ಯಾಕ್ಟೀರಿಯಾ ಒಳಬಂದ ಬಾಗಿಲು ಅದೇ ಎಂದು ಯಾವ ವರದಿಯೂ ತೋರಿಸಿಲ್ಲ.

ಆಹಾರ ಸುರಕ್ಷತಾ ಕಾಯಿದೆಯ 30ನೇ ಸೆಕ್ಷನ್ ಪ್ರಕಾರ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಒಂದು ಆಹಾರವನ್ನು ಹೆಚ್ಚೆಂದರೆ ಒಂದು ವರ್ಷ ನಿಷೇಧಿಸಬಹುದು, ಅದೂ ತಮ್ಮ ರಾಜ್ಯದೊಳಗೆ. ತೆಲಂಗಾಣ, ತಮಿಳುನಾಡು ಎರಡೂ ಒಂದು ವರ್ಷದ ಆದೇಶ ಹೊರಡಿಸಿದ್ದು ಹೀಗಾಗಿ. ತಲಪಾಡಿಯ ಆಚೆ ಮತ್ತು ಈಚೆ ಒಂದೇ ಡಬ್ಬಿಯ ಮೇಯೊನೀಸಿಗೆ ಬೇರೆ ಬೇರೆ ನಿಯಮ ಬರಬಹುದು. ಇದರಲ್ಲಿ ಅಕ್ರಮವೇನಿಲ್ಲ, ಆದರೆ ಎರಡೂ ಕಡೆ ವ್ಯಾಪಾರ ಮಾಡುವವನಿಗೆ ತಲೆನೋವು. ಮಂಜೇಶ್ವರ, ಬದಿಯಡ್ಕದ ಕನ್ನಡ ವ್ಯಾಪಾರಿಗಳಿಗೆ ಇನ್ನೊಂದು: ಸುತ್ತೋಲೆ ಕನ್ನಡದಲ್ಲಿಯೂ ಬರಲಿ ಎಂಬ ಹಳೆಯ ಬೇಡಿಕೆ ಇಂಥ ಹೊತ್ತಿನಲ್ಲಿ ಭಾಷಾಭಿಮಾನದ ಮಾತಾಗಿ ಉಳಿಯುವುದಿಲ್ಲ. ಪಾರ್ಸೆಲ್ ಕಟ್ಟಿದ ಸಮಯ ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಸ್ಟಿಕರ್ 2023ರಿಂದ ಕೇರಳದಲ್ಲಿ ಕಡ್ಡಾಯ. ಅದನ್ನು ಅಂಟಿಸುವವನಿಗೂ ಓದುವವನಿಗೂ ಅರ್ಥವಾದರೆ ತಾನೆ ಉಪಯೋಗ?

ಮಾತ್ರೆ ಮೊದಲು, ಪರೀಕ್ಷೆ ಆಮೇಲೆ

ತನಿಖೆ ಎಡವುವುದಕ್ಕೆ ಗಡಿಯೊಂದೇ ಕಾರಣವಲ್ಲ. ಹೊಟ್ಟೆ ಕೆಟ್ಟವರು ಮೊದಲು ಹೋಗುವುದು ಮೆಡಿಕಲ್ ಅಂಗಡಿಗೆ. ಎರಡು ಹೊತ್ತು ಆ್ಯಂಟಿಬಯೋಟಿಕ್ ನುಂಗಿ, ಗುಣವಾಗದಿದ್ದರೆ ಕ್ಲಿನಿಕ್, ಅಲ್ಲಿಂದ ಆಸ್ಪತ್ರೆ. ಅಲ್ಲಿ ಮಲದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡುವ ಹೊತ್ತಿಗೆ ಬೆಳೆಯಬೇಕಾದ ಬ್ಯಾಕ್ಟೀರಿಯಾ ಅರೆಸತ್ತಿರುತ್ತದೆ. ಶಿಗೆಲ್ಲಾವಂತೂ ದೇಹದ ಹೊರಗೆ ಬಹಳ ನಾಜೂಕು; ಸರಿಯಾದ ಸಾಗಣೆ ಮಾಧ್ಯಮದಲ್ಲಿ ಇಡದೆ ಗಂಟೆಗಟ್ಟಲೆ ಬಿಟ್ಟರೆ ತಟ್ಟೆಯ ಮೇಲೆ ಏಳುವುದೇ ಇಲ್ಲ. ವರದಿ ‘ಬೆಳವಣಿಗೆ ಇಲ್ಲ’ ಎನ್ನುತ್ತದೆ. ರೋಗಿಗೆ ಸಮಾಧಾನ, ಅಂಗಡಿಯವನಿಗೂ ಸಮಾಧಾನ, ತನಿಖೆಗೆ ಮಂಗಳ.

ಇದರ ಇನ್ನೊಂದು ಪರಿಣಾಮ ನಿಧಾನವಾಗಿ ಬರುತ್ತದೆ, ಹೆಚ್ಚು ಕೆಟ್ಟದ್ದು. ಫ್ಲೋರೊಕ್ವಿನಲೋನ್ ಗುಂಪಿನ ಔಷಧಗಳಿಗೆ ಜಗ್ಗದ ಶಿಗೆಲ್ಲಾ ಮತ್ತು ಸಾಲ್ಮೊನೆಲ್ಲಾಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2024ರ ತನ್ನ ಪಟ್ಟಿಯಲ್ಲಿ ಹೆಚ್ಚಿನ ಆದ್ಯತೆಯ ಸಾಲಿಗೆ ಸೇರಿಸಿದೆ. ಕಾರಣ ಮೆಡಿಕಲ್ ಅಂಗಡಿ ಮಾತ್ರವಲ್ಲ, ಕೋಳಿ ಫಾರಂ ಕೂಡ. ಮನುಷ್ಯನಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧವನ್ನು ಕೋಳಿಗಳ ತೂಕ ಹೆಚ್ಚಿಸಲು ಕೊಡಲಾಗುತ್ತಿತ್ತು. ಭಾರತ ಅದನ್ನು ನಿಷೇಧಿಸಿದ್ದು 2019ರಲ್ಲಿ. ಸಂಶೋಧಕರ ಪ್ರಬಂಧಗಳಲ್ಲಿ ತಳಿಗಳ ಔಷಧ ನಿರೋಧಕತೆಯ ಕೋಷ್ಟಕವಿರುತ್ತದೆ, ಸಾಮಾನ್ಯ ಓದುಗರು ದಾಟಿ ಹೋಗುವ ಭಾಗ. ಮುಂದಿನ ಸಲ ಮಗುವಿಗೆ ರಕ್ತಭೇದಿಯಾದಾಗ ವೈದ್ಯರು ಯಾವ ಔಷಧ ಬರೆಯಬಹುದು ಎಂಬುದು ಆ ಕೋಷ್ಟಕದಲ್ಲಿರುತ್ತದೆ. ಸ್ಥಳೀಯ ತಳಿಗಳ ಕಲ್ಚರ್ ಆಗದಿದ್ದರೆ ಕೋಷ್ಟಕಕ್ಕೆ ತುಂಬಲು ಏನೂ ಇರುವುದಿಲ್ಲ.

ಆಗಬಹುದಾದದ್ದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಮಂಗಳೂರಿನ ಆಸ್ಪತ್ರೆಗಳು ಕಾಸರಗೋಡಿನ ವಿಳಾಸದ ರೋಗಿಗಳಲ್ಲಿ ಸಿಕ್ಕ ಶಿಗೆಲ್ಲಾ, ಸಾಲ್ಮೊನೆಲ್ಲಾ ತಳಿಗಳನ್ನು ಎಸೆಯದೆ ಶೈತ್ಯದಲ್ಲಿ ಇಟ್ಟುಕೊಂಡು ಅದೇ ದಿನ ಎರಡೂ ಜಿಲ್ಲೆಗಳ ಸರ್ವೇಕ್ಷಣಾ ಘಟಕಕ್ಕೆ ತಿಳಿಸುವುದು. ಕಲ್ಲಿಕೋಟೆಯ ಪ್ರಯೋಗಾಲಯ ಆಹಾರದ ತಳಿಯನ್ನೂ ಹಾಗೆಯೇ ಉಳಿಸುವುದು. ಎರಡನ್ನೂ ಹೋಲಿಸಲು ಒಂದು ಸಂಸ್ಥೆಯನ್ನು ಮೊದಲೇ ಗೊತ್ತುಮಾಡುವುದು. ಜೀನೋಮ್ ವಿಜ್ಞಾನದ ವಿಭಾಗವಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಕಾಸರಗೋಡಿನ ಪೆರಿಯದಲ್ಲೇ ಇದೆ. ಇದಕ್ಕೆ ಹೊಸ ಕಾಯಿದೆ ಬೇಡ. ಎರಡು ಜಿಲ್ಲಾಧಿಕಾರಿಗಳು ಮತ್ತು ಇಬ್ಬರು ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಕಾಗದಕ್ಕೆ ಸಹಿ ಹಾಕಿ, ಎರಡೂ ಸರ್ಕಾರಗಳ ಒಪ್ಪಿಗೆ ಪಡೆದರೆ ಆಗುವ ಕೆಲಸ.